ಹೊಗೆ ಬೇಡ, ಗರಸು ಸಾಕು: ಹುಬ್ಬಳ್ಳಿ-ಧಾರವಾಡ ಕಡೆ ಕಡಿಮೆ ಖರ್ಚಿನಲ್ಲಿ ಡ್ರಿಫ್ಟಿಂಗ್ ಕಲಿಯೋದು ಹೇಗೆ

ಡ್ರಿಫ್ಟಿಂಗ್ ಅಂದರೆ ಕಾರನ್ನು ಬೇಕಂತಲೇ ಅಡ್ಡ ಜಾರಿಸುತ್ತಾ ಓಡಿಸೋ ಆಟ. ಅದರ ಹೆಸರು ಕೇಳಿದ ಕೂಡಲೇ ಹುಡುಗರ ಕಣ್ಣ ಮುಂದೆ ಬರೋದು ಎರಡೇ ಚಿತ್ರ. ಒಂದು, ಮೊಬೈಲಿನಲ್ಲಿ ನೋಡಿದ, ಟೈರಿನಿಂದ ಬಿಳಿ ಹೊಗೆ ಎಬ್ಬಿಸೋ ಐದುನೂರು ಹಾರ್ಸ್‌ಪವರ್ ಕಾರು. ಇನ್ನೊಂದು, ರಾತ್ರಿ ಹನ್ನೊಂದರ ಮೇಲೆ ಖಾಲಿ ಬೀಳೋ ಸರ್ವಿಸ್ ರೋಡು. ಮೊದಲನೆಯದಕ್ಕೆ ನಮ್ಮ ಹತ್ತಿರ ದುಡ್ಡಿಲ್ಲ. ಎರಡನೆಯದರಲ್ಲಿ ಪೊಲೀಸರಿಗಿಂತ ಮೊದಲು ಎದುರಿನಿಂದ ಲಾರಿ ಬರುತ್ತದೆ. ಹಾಗಾಗಿ ಇದು ದುಬೈ, ಜಪಾನ್ ಮಂದಿಯ ಆಟ, ನಮ್ಮ ಕಡೆ ಆಗೋ ಮಾತಲ್ಲ ಅಂತ ಕೈಬಿಡುವವರೇ ಜಾಸ್ತಿ.

ಆಗುತ್ತದೆ. ಆದರೆ ಯೋಚನೆಯನ್ನು ಸ್ವಲ್ಪ ತಿರುಗಿಸಿಕೊಳ್ಳಬೇಕು. ಕಾರನ್ನು ಅಡ್ಡ ಜಾರಿಸೋಕೆ ಎರಡು ದಾರಿ: ಇಂಜಿನ್ನಿನ ತಾಕತ್ತು ಹೆಚ್ಚಿಸಬೇಕು, ಇಲ್ಲವೇ ಟೈರಿನ ಹಿಡಿತ ಕಡಿಮೆ ಮಾಡಬೇಕು. ಮೊದಲನೇ ದಾರಿಗೆ ಲಕ್ಷಗಟ್ಟಲೆ ಬೇಕು. ಎರಡನೇ ದಾರಿಗೆ ಸವೆದ ಎರಡು ಟೈರು, ಗರಸು ಹಾಕಿದ ಗಟ್ಟಿ ನೆಲ ಮತ್ತು ಒಂದು ಒಳ್ಳೆ ಮಳೆ ಸಾಕು. ಹಿಡಿತ ಕಡಿಮೆ ಆದಷ್ಟೂ ಕಾರು ಕಡಿಮೆ ವೇಗದಲ್ಲೇ ಜಾರುತ್ತದೆ, ಕಡಿಮೆ ವೇಗದಲ್ಲಿ ಜಾರಿದರೆ ಕೈಕಾಲಿಗೆ ಯೋಚಿಸೋಕೆ ಟೈಮ್ ಸಿಗುತ್ತದೆ, ಕೈತಪ್ಪಿದರೂ ಪೆಟ್ಟು ಸಣ್ಣದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬಡಿಯೋ ಕಾರಿನಲ್ಲಿ 30ರಲ್ಲಿ ಬಡಿಯೋ ಕಾರಿಗಿಂತ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಶಕ್ತಿ ಇರುತ್ತದೆ. ಕಲಿಯುವವರಿಗೆ ಇದಕ್ಕಿಂತ ಮುಖ್ಯವಾದ ಲೆಕ್ಕ ಬೇರೆ ಇಲ್ಲ.

ಅಷ್ಟಕ್ಕೂ ಈ ಆಟಕ್ಕೆ ಹೆಸರು ತಂದ ಟೊಯೊಟಾ ಎಇ86 ಏನು ದೊಡ್ಡ ರಾಕ್ಷಸ ಕಾರಾಗಿತ್ತಾ? 1983ರಿಂದ 1987ರವರೆಗೆ ಬಂದ, 1.6 ಲೀಟರ್ ಇಂಜಿನ್ನಿನ ಹಗುರ ಕಾರು ಅದು. 1970ರ ದಶಕದಲ್ಲಿ ಜಪಾನಿನ ಕುನಿಮಿತ್ಸು ತಕಾಹಶಿ ರೇಸಿನಲ್ಲಿ ಕಾರನ್ನು ಜಾರಿಸಿಕೊಂಡೇ ತಿರುವು ದಾಟುತ್ತಿದ್ದರು, ಅದನ್ನು ನೋಡಿ ಕೇಯಿಚಿ ತ್ಸುಚಿಯಾ ಬೆಟ್ಟದ ರಸ್ತೆಗಳಲ್ಲಿ ಅಭ್ಯಾಸ ಮಾಡಿ ಆಮೇಲೆ ಡ್ರಿಫ್ಟ್ ಕಿಂಗ್ ಅನ್ನಿಸಿಕೊಂಡರು. ಸ್ಪರ್ಧೆಯಲ್ಲಿ ಯಾರು ಬೇಗ ಮುಟ್ಟಿದರು ಅನ್ನೋದನ್ನು ನೋಡೋದೂ ಇಲ್ಲ. ಕಾರು ಎಷ್ಟು ಅಡ್ಡ ತಿರುಗಿದೆ, ಹೇಳಿದ ಗೆರೆಯಲ್ಲೇ ಹೋಯಿತಾ, ನೋಡೋಕೆ ಹೇಗಿತ್ತು ಅಂತ ಜಡ್ಜ್‌ಗಳು ಅಂಕ ಕೊಡುತ್ತಾರೆ.

ಮೊದಲು ಜಾಗ, ಆಮೇಲೆ ಕಾರು

ಎಲ್ಲರೂ ಮೊದಲು ಕಾರು ಹುಡುಕುತ್ತಾರೆ. ನೀವು ಜಾಗ ಹುಡುಕಿ. ಜಾಗ ಸಿಗದೇ ಕಾರು ತಗೊಂಡರೆ ಆ ಕಾರು ಒಂದಲ್ಲ ಒಂದು ದಿನ ರಸ್ತೆಗೆ ಇಳಿದೇ ಇಳಿಯುತ್ತದೆ.

ರಸ್ತೆ ಯಾಕೆ ಬೇಡ ಅನ್ನೋದನ್ನು ಒಂದೇ ಸಲ ಹೇಳಿ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 184ನೇ ಕಲಂ ಪ್ರಕಾರ ಅಪಾಯಕಾರಿ ಚಾಲನೆಗೆ ಮೊದಲ ಸಲವೇ ಆರು ತಿಂಗಳಿಂದ ಒಂದು ವರ್ಷ ಜೈಲು ಅಥವಾ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಅನುಮತಿ ಇಲ್ಲದೆ ರೇಸ್ ಮಾಡಿದರೆ 189ನೇ ಕಲಂ ಬೇರೆ ಇದೆ. ಕಾರು ಓಡಿಸಿದವನಿಗೆ ಹದಿನೆಂಟು ತುಂಬಿಲ್ಲ ಅಂದರೆ 199ಎ ಪ್ರಕಾರ ಅಪ್ಪನಿಗೋ ಕಾರಿನ ಮಾಲೀಕನಿಗೋ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಇನ್ನು ಹುಬ್ಬಳ್ಳಿ-ಧಾರವಾಡ ಬೈಪಾಸ್ ಎಷ್ಟು ಮನೆಗಳ ದೀಪ ಆರಿಸಿದೆ ಅಂತ ಇಲ್ಲಿನವರಿಗೆ ನಾನು ಹೇಳಬೇಕಾಗಿಲ್ಲ. ಚಿಗರಿ ಬಸ್ಸಿನ ಲೇನು ರಾತ್ರಿ ಖಾಲಿ ಇರುತ್ತದೆ ಅಂತ ಆಸೆ ಪಡುವವರೂ ಇದ್ದಾರೆ, ಅವರು ಇಲ್ಲಿಗೇ ಓದು ನಿಲ್ಲಿಸಬಹುದು.

ಊರ ಹೊರಗಿನ ಎನ್‌ಎ ಲೇಔಟ್‌ಗಳು, ಅಂದರೆ ಹೊಲವನ್ನು ಮನೆ ಸೈಟುಗಳಾಗಿ ಮಾಡಿದ ಜಾಗಗಳು, ಇನ್ನೊಂದು ಆಮಿಷ. ಅಗಲ ರಸ್ತೆ, ಮನೆ ಒಂದೂ ಇಲ್ಲ, ಕೇಳುವವರೂ ಇಲ್ಲ. ಆದರೆ ಜನರಿಗೆ ಓಡಾಡೋ ಹಕ್ಕಿರೋ ಜಾಗ ಕಾನೂನಿನ ಲೆಕ್ಕದಲ್ಲಿ ಸಾರ್ವಜನಿಕ ಜಾಗವೇ. ಜತೆಗೆ ಅಲ್ಲಿ ಸಂಜೆ ವಾಕಿಂಗ್ ಬರುವವರು, ಸೈಕಲ್ ಕಲಿಯೋ ಮಕ್ಕಳು, ಸೈಟ್ ನೋಡೋಕೆ ಬಂದ ಸಂಸಾರ ಎಲ್ಲ ಇರುತ್ತಾರೆ. ಗದಗದ ಕಡೆಯವರಿಗೆ ಒಂದು ಮಾತು: ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅತ್ತ ತಲೆ ಹಾಕಬೇಡಿ.

ಹಾಗಾದರೆ ಎಲ್ಲಿ? ಖಾಸಗಿ ಜಾಗ, ಸುತ್ತ ಕಂಪೌಂಡ್ ಅಥವಾ ಬೇಲಿ ಇರೋದು, ಮಾಲೀಕರು ಒಪ್ಪಿದ್ದು. ನಮ್ಮ ಭಾಗದಲ್ಲಿ ಹೇಳಿ ಮಾಡಿಸಿದ ಹಾಗೆ ಇರೋದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಗಳ ಅಂಗಳ. ಗದಗ, ಅಣ್ಣಿಗೇರಿ, ಹುಬ್ಬಳ್ಳಿ ಸುತ್ತ ಇವು ಇವೆ. ಹತ್ತಿ ಸೀಸನ್ನಿನಲ್ಲಿ ಕಾಲಿಡೋಕೆ ಜಾಗ ಇರಲ್ಲ, ಸೀಸನ್ ಮುಗಿದ ಮೇಲೆ ತಿಂಗಳುಗಟ್ಟಲೆ ಅಂಗಳ ಬಿಕೋ ಅನ್ನುತ್ತದೆ, ಅಷ್ಟರಲ್ಲಿ ಮುಂಗಾರು ಮಳೆಯೂ ಶುರುವಾಗುತ್ತದೆ. ಒಂದೇ ಎಚ್ಚರಿಕೆ, ಮೂಲೆಮೂಲೆಯಲ್ಲಿ ಬಿದ್ದಿರೋ ಹತ್ತಿ ಎಳೆ, ಒಣ ಹುಲ್ಲು ಗುಡಿಸಿ ತೆಗೆಯದೆ ಕಾರು ಒಳಗೆ ತರಬೇಡಿ. ಬಿಸಿ ಸೈಲೆನ್ಸರಿಗೆ ಅದು ತಾಗಿದರೆ ಬೆಂಕಿ ಹತ್ತೋದು ಕಷ್ಟದ ಕೆಲಸವಲ್ಲ. ಹಾವೇರಿ ಕಡೆಯವರು ತಿಂಗಳನ್ನೂ ನೋಡಿಕೊಳ್ಳಿ. ಗೋವಿನಜೋಳದ ರಾಶಿ ಬಂದ ಮೇಲೆ ಸಮತಟ್ಟಾದ ಯಾವ ಜಾಗವೂ ಖಾಲಿ ಇರಲ್ಲ, ಆಮೇಲೆ ಬ್ಯಾಡಗಿ ಕಡೆ ಮೆಣಸಿನಕಾಯಿ ಒಣಹಾಕುತ್ತಾರೆ. ಅವರ ಒಂದು ವರ್ಷದ ದುಡಿಮೆ ಹರವಿದ ಕಡೆ ಹೋಗಿ ಅಂಗಳ ಕೊಡ್ರಿ ಅಂತ ಕೇಳೋದೇ ತಪ್ಪು.

ಮಣ್ಣಿನ ವಿಷಯ ಇಲ್ಲಿ ಬಹಳ ಮುಖ್ಯ. ನವಲಗುಂದ, ಗದಗ ಕಡೆಯ ಎರೆ ಮಣ್ಣು ಡ್ರಿಫ್ಟಿಂಗ್‌ಗೆ ಆಗಲ್ಲ. ಹಸಿಯಾದರೆ ಜಾರೋ ಬದಲು ಚಕ್ರಕ್ಕೆ ಮೆತ್ತಿಕೊಂಡು ಚಕ್ರದ ಮೇಲಿನ ಕಮಾನಿನೊಳಗೆ ತುಂಬಿ ಕಾರನ್ನೇ ಹಿಡಿದು ನಿಲ್ಲಿಸುತ್ತದೆ, ಎಳೆಯೋಕೆ ಟ್ರ್ಯಾಕ್ಟರ್ ಕರೆಸಬೇಕು. ಒಣಗಿದರೆ ಬಿರುಕು, ಹೆಂಟೆ. ಅಡ್ಡ ಜಾರುತ್ತಿರೋ ಚಕ್ರ ಮೆತ್ತನೆ ಮಣ್ಣಲ್ಲಿ ಹೂತರೆ ಅಥವಾ ಬಿರುಕಿಗೆ ಸಿಕ್ಕರೆ ಕಾರು ಅಲ್ಲೇ ಪಲ್ಟಿ ಹೊಡೆಯಬಹುದು. ಧಾರವಾಡ, ಕಲಘಟಗಿ ಕಡೆಯ ಗಟ್ಟಿ ಮಸಾರಿ ನೆಲ, ಇಲ್ಲವೇ ಗರಸು ಹಾಕಿ ರೋಲರ್ ಹೊಡೆಸಿದ ಅಂಗಳ ಒಳ್ಳೇದು. ಮೇಲೆ ತೆಳ್ಳಗೆ ಸಡಿಲ ಪುಡಿ, ಕೆಳಗೆ ಗಟ್ಟಿ ನೆಲ. ನಮಗೆ ಬೇಕಾದದ್ದು ಅದೇ.

ಎಷ್ಟು ಜಾಗ ಬೇಕು? ಒಂದು ಎಕರೆ ಅಂದರೆ ನಲವತ್ತು ಗುಂಟೆ, ಚೌಕವಾಗಿದ್ದರೆ ಒಂದೊಂದು ಬದಿ ಸುಮಾರು 63 ಮೀಟರ್. ನಡುವೆ ಗುಂಡಗೆ ಸುತ್ತೋಕೆ ಅಷ್ಟು ಸಾಕು. ಎಂಟರ ಆಕಾರ ಹಾಕೋ ಹೊತ್ತಿಗೆ ಎರಡು ಎಕರೆ ಇದ್ದರೆ ಆರಾಮ. ಮಾಲೀಕರ ಹತ್ತಿರ ಬಾಯಿಮಾತಿನ ಒಪ್ಪಿಗೆ ಸಾಲದು. ತಾರೀಖು, ಸಮಯ, ಬರೋ ಜನರ ಹೆಸರು, ಏನಾದರೂ ಆದರೆ ಹೊಣೆ ನಮ್ಮದು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಪಕ್ಕದ ಹೊಲದವರಿಗೂ ಮೊದಲೇ ಹೇಳಿ. ಧೂಳು, ಸದ್ದು ಅವರಿಗೇ ಹೋಗೋದು, ಅಲ್ವಾ.

ನೆಲ ಹಸಿ ಮಾಡೋಕೆ ಬೇಸಿಗೆಯಲ್ಲಿ ಟ್ಯಾಂಕರ್ ತರಿಸೋ ಐಡಿಯಾ ಬಿಡಿ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯೋ ಓಣಿಗಳಿರೋ ಊರಿನಲ್ಲಿ ಆಟಕ್ಕೆ ನೀರು ಚೆಲ್ಲೋದನ್ನು ಯಾರೂ ಮೆಚ್ಚಲ್ಲ. ಜೂನ್‌ವರೆಗೆ ಕಾಯಿರಿ. ಅಲ್ಲಿಯವರೆಗೆ ಒಣ ಗರಸೇ ಸಾಕಷ್ಟು ಜಾರುತ್ತದೆ.

ಯಾವ ಕಾರು

ಹಿಂದಿನ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗೋ ಕಾರೇ ಬೇಕು. ಮುಂದಿನ ಚಕ್ರ ತಿರುಗಿಸೋ ಕೆಲಸ ಮಾಡುತ್ತಿದ್ದರೆ, ಹಿಂದಿನ ಚಕ್ರ ಶಕ್ತಿ ಪಡೆದು ಜಾರುತ್ತಾ ಕಾರನ್ನು ಅಡ್ಡ ಹಿಡಿದಿಟ್ಟುಕೊಳ್ಳುತ್ತದೆ. ಆಲ್ಟೊ, ಸ್ವಿಫ್ಟ್, ಐ20 ಎಲ್ಲ ಮುಂದಿನ ಚಕ್ರದವು. ಹ್ಯಾಂಡ್‌ಬ್ರೇಕ್ ಎಳೆದರೆ ಹಿಂಭಾಗ ಒಂದು ಸಲ ಬೀಸುತ್ತದೆ ನಿಜ, ಆದರೆ ಆ ಜಾರುವಿಕೆಯನ್ನು ಆಕ್ಸಿಲರೇಟರ್‌ನಿಂದ ಮುಂದುವರಿಸೋಕೆ ಆಗಲ್ಲ. ಅಂಥ ಕಾರು ಮಾತ್ರ ಇದ್ದರೆ ಬೇಜಾರು ಬೇಡ, ಕೊನೆಯಲ್ಲಿ ಹೇಳೋ ಆಟೋಕ್ರಾಸ್ ನಿಮಗೆ.

ನಮ್ಮಲ್ಲಿ ಸಿಗೋ ಹಿಂಚಕ್ರದ ಗಾಡಿಗಳಲ್ಲಿ ಅಗ್ಗವಾದದ್ದು ಓಮ್ನಿ. ಅದಕ್ಕೇ ಎಲ್ಲರ ಕಣ್ಣು ಅದರ ಮೇಲೆ. ಬೇಡ. 2019ರಲ್ಲಿ ನಿಂತ ಈ ವ್ಯಾನು ಎತ್ತರ, ಕಿರಿದು, ಮುಂದಿನ-ಹಿಂದಿನ ಚಕ್ರಗಳ ನಡುವೆ ಎರಡು ಮೀಟರೂ ಇಲ್ಲ. ನೀವು ಕೂರೋದು ಮುಂದಿನ ಚಕ್ರದ ಮೇಲೆ, ಮೊಣಕಾಲಿನ ಮುಂದೆ ಇರೋದು ಬರೀ ತಗಡು. ಇಕೋ ಕೂಡ ಇದೇ ಜಾತಿ. ನ್ಯಾನೋ ಇಂಜಿನ್ ಹಿಂದಿದೆ, ಹಿಂಚಕ್ರಕ್ಕೇ ಶಕ್ತಿ, ಆದರೂ ಬೇಡ, ಅದೂ ಎತ್ತರವೇ. ಬೊಲೆರೊ, ಸುಮೋ, ಕ್ವಾಲಿಸ್, ತವೇರಾ ಇವನ್ನೆಲ್ಲ ಅಡ್ಡ ಜಾರಿಸೋ ರೀಲ್ಸ್ ನೋಡಿ ಖುಷಿ ಪಡಿ, ಅಷ್ಟೇ. ಎತ್ತರದ ಗಾಡಿ ಜಾರೋದಕ್ಕಿಂತ ಮೊದಲು ಮಗುಚುತ್ತದೆ.

ಜಿಪ್ಸಿ ನಡುವಿನದು. ಟೂ-ವೀಲ್ ಡ್ರೈವ್‌ನಲ್ಲಿ ಹಿಂಚಕ್ರ ಮಾತ್ರ ಎಳೆಯುತ್ತದೆ, 1.3 ಲೀಟರ್ ಇಂಜಿನ್ನು, ಗಾಡಿ ಹಗುರ, ನಮ್ಮ ದೇಶದ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ಓಡಿದೆ. ಆದರೆ ರೋಲ್ ಕೇಜ್ (ಗಾಡಿ ಮಗುಚಿದರೆ ಒಳಗಿದ್ದವರನ್ನು ಕಾಯೋ ಕಬ್ಬಿಣದ ಪೈಪಿನ ಪಂಜರ) ಹಾಕದೆ ಬೇಡ, ಮತ್ತು ಒಳ್ಳೆ ಜಿಪ್ಸಿಗೆ ಈಗ ಕೇಳೋ ಬೆಲೆ ನೋಡಿದರೆ ಕಡಿಮೆ ಖರ್ಚು ಅನ್ನೋ ಮಾತೇ ಮುಗಿಯಿತು.

ಹಾಗಾಗಿ ಕಣ್ಣು ಹೋಗಬೇಕಾದದ್ದು ಹಳೆ ಸೆಡಾನ್‌ಗಳ ಕಡೆ. ಪ್ರೀಮಿಯರ್ ಪದ್ಮಿನಿಗೆ 1,089 ಸಿಸಿ ಇಂಜಿನ್ನು, ಶಕ್ತಿ ನಲವತ್ತು ಹಾರ್ಸ್‌ಪವರ್ ಆಸುಪಾಸು. ನಗಬೇಡಿ, ಹಸಿ ಗರಸಿನ ಮೇಲೆ ಅಷ್ಟು ಸಾಕು. ಅದಕ್ಕಿಂತ ವಾಸಿ 118ಎನ್‌ಇ, ನಿಸಾನ್ ಇಂಜಿನ್ನು, ಗೇರು ಕೆಳಗೆ ನೆಲದ ಮೇಲಿದೆ. ಅಂಬಾಸಡರ್ ಭಾರ, ಹಿಂದೆ ಎಲೆಪಟ್ಟಿ (ಲೀಫ್ ಸ್ಪ್ರಿಂಗ್), ಆದರೆ 1.8 ಲೀಟರ್ ಇಸುಜು ಪೆಟ್ರೋಲ್ ಇಂಜಿನ್ನಿನದು ಸಿಕ್ಕರೆ ಗಟ್ಟಿ ಗಾಡಿ, ಮತ್ತು ವಯಸ್ಸಾದ ಯಾವ ಮಿಸ್ತ್ರಿಯಾದರೂ ಕಣ್ಣು ಮುಚ್ಚಿ ರಿಪೇರಿ ಮಾಡುತ್ತಾನೆ. ಅದೇ ಇಸುಜು ಇಂಜಿನ್ನಿನ ಕಾಂಟೆಸ್ಸಾ ಎಲ್ಲಕ್ಕಿಂತ ಚೆನ್ನ: ಉದ್ದ, ತಗ್ಗು, ಐದು ಗೇರು. ಚಕ್ರಗಳ ನಡುವಿನ ಅಂತರ ಉದ್ದ ಇದ್ದಷ್ಟೂ ಕಾರು ನಿಧಾನವಾಗಿ ತಿರುಗುತ್ತದೆ, ಹಿಡಿದುಕೊಳ್ಳೋಕೆ ಸುಲಭ. ಆದರೆ ಕಾಂಟೆಸ್ಸಾ ಈಗ ಹವ್ಯಾಸಿಗಳ ಕೈಗೆ ಹೋಗಿ ಬೆಲೆ ಏರಿದೆ. ಚೆನ್ನಾಗಿರೋದು ಸಿಕ್ಕರೆ ದಯವಿಟ್ಟು ಅದನ್ನು ಹಾಳು ಮಾಡಬೇಡಿ, ನಮಗೆ ಬೇಕಾದದ್ದು ಬಾಡಿ ತುಕ್ಕು ಹಿಡಿದು ಇಂಜಿನ್ ಚೆನ್ನಾಗಿರೋದು.

ಹಳೇ ಬಿಎಂಡಬ್ಲ್ಯು 3 ಸೀರೀಸ್ ಬಗ್ಗೆ ಕೇಳುವವರು ಜಾಸ್ತಿ. ಒಂದು ಹೊಸ ಸಣ್ಣ ಕಾರಿನ ಬೆಲೆಗೆ ಅಥವಾ ಅದಕ್ಕೂ ಕಡಿಮೆಗೆ ಸಿಗುತ್ತದೆ, ಡ್ರಿಫ್ಟಿಂಗ್‌ಗೆ ಹುಟ್ಟಿದ ಹಾಗೆ ಇದೆ, ಎಲ್ಲ ನಿಜ. ತಗೊಳ್ಳೋದು ಸುಲಭ, ಸಾಕೋದು ಕಷ್ಟ. ಒಂದು ಸೆನ್ಸರ್ ಹೋದರೆ ಪದ್ಮಿನಿಯ ಇಡೀ ಇಂಜಿನ್ ಕೆಲಸದ ಬಿಲ್ ಬರಬಹುದು. ಎರಡನೇ ವರ್ಷ ನೋಡೋಣ.

ದುಡ್ಡಿನ ಲೆಕ್ಕ ಹೀಗಿಟ್ಟುಕೊಳ್ಳಿ: ಕೈಯಲ್ಲಿರೋದರ ಅರ್ಧಕ್ಕಿಂತ ಜಾಸ್ತಿ ಕಾರಿಗೆ ಹಾಕಬೇಡಿ. ಉಳಿದರ್ಧ ರಿಪೇರಿ, ಟೈರು, ಸುರಕ್ಷತೆ, ಪೆಟ್ರೋಲು. ನಾಲ್ಕು ಜನ ಸೇರಿ ಒಂದು ಕಾರು ಇಟ್ಟುಕೊಂಡರೆ ಇನ್ನೂ ಒಳ್ಳೇದು, ಹೇಗೂ ಒಬ್ಬ ಓಡಿಸುವಾಗ ಮೂವರು ಹೊರಗೆ ಇರಲೇಬೇಕು. ಕಾಗದ ಮಾತ್ರ ನೋಡಿ. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ ಆಗಿಲ್ಲದಿದ್ದರೆ ಅದನ್ನು ರಸ್ತೆಯಲ್ಲಿ ಓಡಿಸಿಕೊಂಡು ಹೋಗೋ ಹಾಗಿಲ್ಲ, ಟೋ ಮಾಡೋ ಗಾಡಿಯಲ್ಲಿ ಹೇರಿಕೊಂಡೇ ಅಂಗಳ ಮುಟ್ಟಿಸಬೇಕು. ಇನ್ಶೂರೆನ್ಸ್ ಇದೆ ಅಂತ ಧೈರ್ಯ ಬೇಡ, ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಥರದ ಬಳಕೆಯನ್ನು ಪಾಲಿಸಿಗಳು ಹೊರಗೇ ಇಟ್ಟಿರುತ್ತವೆ.

ಏನು ಮಾಡಿಸಬೇಕು, ಏನು ಮಾಡಿಸಬಾರದು

ಮಾಡಿಸಬಾರದ್ದು ಮೊದಲು. ಟರ್ಬೊ ಬೇಡ, ದೊಡ್ಡ ಸೈಲೆನ್ಸರ್ ಬೇಡ, ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸೋದಂತೂ ಬೇಡವೇ ಬೇಡ. ಡಿಫರೆನ್ಷಿಯಲ್, ಅಂದರೆ ಹಿಂದಿನ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರುಗಳನ್ನು, ವೆಲ್ಡ್ ಮಾಡಿಸು ಅಂತ ಎಲ್ಲರೂ ಹೇಳುತ್ತಾರೆ. ಅದು ಏನು ಅಂತ ನಮ್ಮ ಕಡೆಯವರಿಗೆ ವಿವರಿಸೋದು ಸುಲಭ: ಟ್ರ್ಯಾಕ್ಟರಿನ ಒಂದು ಚಕ್ರ ಕೆಸರಲ್ಲಿ ಸುಮ್ನೆ ತಿರುಗುವಾಗ ಡಿಫ್ ಲಾಕ್ ತುಳಿದರೆ ಎರಡೂ ಚಕ್ರ ಕೂಡಿ ತಿರುಗುತ್ತವಲ್ಲ, ಅದನ್ನೇ ಶಾಶ್ವತವಾಗಿ ಮಾಡೋದು. ಟಾರಿನ ಮೇಲೆ ಡ್ರಿಫ್ಟ್ ಮಾಡೋಕೆ ಅದು ಅಗ್ಗದ ಮತ್ತು ಒಳ್ಳೆ ಉಪಾಯ. ಆದರೆ ಸಾಮಾನ್ಯ ತಿರುವಿನಲ್ಲೂ ಟೈರು ಉಜ್ಜುತ್ತದೆ, ಆಕ್ಸಲ್ ಶಾಫ್ಟಿಗೆ ಭಾರ ಬೀಳುತ್ತದೆ, ರಸ್ತೆಗೆ ಆ ಕಾರು ಲಾಯಕ್ಕಲ್ಲ. ಅಷ್ಟೇ ಅಲ್ಲ, 52ನೇ ಕಲಂ ಪ್ರಕಾರ ಕಾರನ್ನು ಕಂಪನಿ ಮಾಡಿದ್ದಕ್ಕಿಂತ ಬೇರೆ ಥರ ಬದಲಾಯಿಸೋ ಹಾಗೂ ಇಲ್ಲ. ಸಡಿಲ ಗರಸಿನ ಮೇಲೆ ಇರೋ ಡಿಫ್‌ನಲ್ಲೇ ಕೆಲಸ ನಡೆಯುತ್ತದೆ. ಮೊದಲ ವರ್ಷ ಮುಟ್ಟಬೇಡಿ.

ಮಾಡಿಸಬೇಕಾದ್ದರಲ್ಲಿ ಯಾವುದೂ ಫೋಟೋದಲ್ಲಿ ಕಾಣಲ್ಲ. ಸ್ಟೇರಿಂಗ್ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ವೀಲ್ ಬೇರಿಂಗ್ ಆಡುತ್ತಿದ್ದರೆ ಬದಲಿಸಿ. ರೇಡಿಯೇಟರ್ ತೊಳೆಸಿ, ಹೋಸ್ ಪೈಪ್ ಹೊಸದು ಹಾಕಿ, ಯಾಕೆಂದರೆ ಡ್ರಿಫ್ಟಿಂಗ್‌ನಲ್ಲಿ ಇಂಜಿನ್ ಜೋರಾಗಿ ತಿರುಗುತ್ತದೆ, ಕಾರು ಮಾತ್ರ ನಿಂತಲ್ಲೇ ಸುತ್ತುತ್ತಿರುತ್ತದೆ, ಗಾಳಿ ಸಿಗಲ್ಲ. ಏಪ್ರಿಲ್ ಬಿಸಿಲಲ್ಲಿ ಹಳೆ ಕಾರು ಬೇಗ ಕುದಿಯುತ್ತದೆ. ಆಯಿಲ್ ಡಿಪ್‌ಸ್ಟಿಕ್‌ನ ಮೇಲಿನ ಗೆರೆವರೆಗೆ ಇರಲಿ. ಬ್ಯಾಟರಿ ಕ್ಲಾಂಪ್ ಬಿಗಿಯಾಗಿರಲಿ. ಪೆಟ್ರೋಲ್ ಪೈಪ್ ಎಲ್ಲೂ ಸೋರಬಾರದು.

ಹ್ಯಾಂಡ್‌ಬ್ರೇಕ್ ಕೇಬಲ್ ಹೊಸದು ಹಾಕಿಸಿ ಬಿಗಿ ಮಾಡಿಸಿ. ಅದು ಸರಿ ಇದೆಯಾ ಅಂತ ನೋಡೋಕೆ ಸುಲಭದ ಪರೀಕ್ಷೆ ಇದೆ: ಗರಸಿನ ಮೇಲೆ ಇಪ್ಪತ್ತರ ವೇಗದಲ್ಲಿ ನೇರ ಹೋಗುತ್ತಾ ಕ್ಲಚ್ ಒತ್ತಿ ಹ್ಯಾಂಡ್‌ಬ್ರೇಕ್ ಎಳೆಯಿರಿ, ಇಳಿದು ಹಿಂದೆ ನೋಡಿ. ಎರಡೂ ಚಕ್ರದ ಗೆರೆ ಒಂದೇ ಉದ್ದ ಇರಬೇಕು. ಒಂದು ಕಡೆ ಮಾತ್ರ ಗೆರೆ ಬಿದ್ದಿದ್ದರೆ ಮತ್ತೆ ಮಿಸ್ತ್ರಿ ಹತ್ತಿರ.

ಟೈರಿಗೆ ಬಂದರೆ, ಮುಂದೆ ಒಳ್ಳೇದು, ಹಿಂದೆ ಹಳೇದು. ಮುಂದಿನ ಟೈರು ಹಿಡಿದರೆ ಮಾತ್ರ ಸ್ಟೇರಿಂಗ್ ಮಾತು ಕೇಳುತ್ತದೆ. ಹಿಂದಕ್ಕೆ ಟೈರ್ ಅಂಗಡಿಗಳಲ್ಲಿ ಗಿರಾಕಿಗಳು ಬಿಟ್ಟುಹೋದ, ಹಲ್ಲು ಸವೆದ ಟೈರು ಕಡಿಮೆಗೆ ಸಿಗುತ್ತವೆ, ನಾಲ್ಕೈದು ಆರಿಸಿ ಇಟ್ಟುಕೊಳ್ಳಿ. ಸವೆದಿರಬೇಕು, ಕೊಳೆತಿರಬಾರದು. ತಂತಿ ಕಾಣೋದು, ಬದಿಯಲ್ಲಿ ಬಿರುಕು ಅಥವಾ ಉಬ್ಬು ಇರೋದು ಬೇಡ, ರೀಟ್ರೆಡ್ ಮಾಡಿದ್ದೂ ಬೇಡ, ಆ ಪಟ್ಟಿ ಕಿತ್ತು ಬರುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಹಿಂದೆ ಗಾಳಿ ಮುಂದಿನದಕ್ಕಿಂತ ಐದಾರು ಪಿಎಸ್‌ಐ ಜಾಸ್ತಿ ಇರಲಿ, ಆದರೆ ಟೈರಿನ ಮೇಲೆ ಬರೆದಿರೋ ಗರಿಷ್ಠ ದಾಟಬೇಡಿ.

ಸುರಕ್ಷತೆಗೆ ಐಎಸ್‌ಐ ಗುರುತಿನ ಫುಲ್-ಫೇಸ್ ಬೈಕ್ ಹೆಲ್ಮೆಟ್ಟು, ಸರಿಯಾಗಿ ಲಾಕ್ ಆಗೋ ಸೀಟ್ ಬೆಲ್ಟು, ಎರಡು ಕೆಜಿಯ ಎಬಿಸಿ ಪೌಡರ್ ಬೆಂಕಿ ಆರಿಸೋ ಸಿಲಿಂಡರು, ಫಸ್ಟ್ ಏಡ್ ಡಬ್ಬಿ. ತೆಳ್ಳನೆ ಅಡಿಯ ಶೂ ಹಾಕಿ, ಚಪ್ಪಲಿ ಬೇಡ. ಸ್ಟೆಪ್ನಿ, ಜ್ಯಾಕ್, ನೀರಿನ ಬಾಟಲಿ ಎಲ್ಲ ಹೊರಗೆ ತೆಗೆದಿಡಿ. ಬಾಟಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸೇರಿದರೆ ಮುಗೀತು.

ಕಾರು ರೆಡಿ ಆಗೋವರೆಗೆ ಮನೆಯಲ್ಲೇ ಕೈ ಪಳಗಿಸಬಹುದು. 2014ರಲ್ಲಿ ಬಂದ ಅಸೆಟ್ಟೊ ಕೊರ್ಸಾ ಅನ್ನೋ ಸಿಮ್ಯುಲೇಟರ್ ಆಟ ಇದಕ್ಕೆ ಇವತ್ತಿಗೂ ಒಳ್ಳೇದು. ಜತೆಗೆ 900 ಡಿಗ್ರಿ ತಿರುಗೋ ಸ್ಟೇರಿಂಗ್ ಬೇಕು, ಹೊಸದು ದುಬಾರಿ, ಯಾರಾದರೂ ಆಡಿ ಬಿಟ್ಟದ್ದನ್ನು ಹುಡುಕಿ. ಸ್ಟೇರಿಂಗ್ ಬಿಟ್ಟು ಹಿಡಿಯೋ ಅಭ್ಯಾಸ ಅಲ್ಲೇ ಅರ್ಧ ಬಂದುಬಿಡುತ್ತದೆ. ಸೊಂಟಕ್ಕೆ ಗೊತ್ತಾಗೋ ಜಾರುವಿಕೆ ಮಾತ್ರ ಅಲ್ಲಿ ಸಿಗಲ್ಲ.

ಅಂಗಳಕ್ಕೆ ಇಳಿದ ಮೇಲೆ

ಮೊದಲು ನಡೆಯಿರಿ. ಎಲ್ಲರೂ ಸಾಲಾಗಿ ಇಡೀ ಅಂಗಳ ನಡೆದು ಕಲ್ಲು, ಕಬ್ಬಿಣದ ಪಟ್ಟಿ, ತಗ್ಗು, ಮುಚ್ಚಳವಿಲ್ಲದ ಗುಂಡಿ ಹುಡುಕಿ. ಗುರುತಿಗೆ ಕಲ್ಲು ಇಡಬೇಡಿ, ಗೊಬ್ಬರದ ಖಾಲಿ ಚೀಲದಲ್ಲಿ ಹೊಟ್ಟು ತುಂಬಿ ಇಡಿ, ಕಾರು ಹಾಯ್ದರೂ ಏನೂ ಆಗಲ್ಲ. ನೋಡುವವರು ಒಂದೇ ಕಡೆ, ಗೋಡೆ ಅಥವಾ ಕಟ್ಟೆಯ ಹಿಂದೆ ನಿಲ್ಲಲಿ. ಕಾರು ಸುತ್ತುತ್ತಿರುವಾಗ ವಿಡಿಯೋ ತೆಗೆಯೋಕೆ ಹತ್ತಿರ ಬರುವವನನ್ನು ಅವತ್ತೇ ಮನೆಗೆ ಕಳಿಸಿ. ಗೇಟಿನ ಹತ್ತಿರ ಒಬ್ಬ, ಬೆಂಕಿ ಸಿಲಿಂಡರ್ ಹಿಡಿದು ಒಬ್ಬ. ಇನ್ನೊಂದು ಗಾಡಿ ಸ್ಟಾರ್ಟ್ ಆಗೋ ಸ್ಥಿತಿಯಲ್ಲಿರಲಿ, 108ಕ್ಕೆ ಜಾಗ ಹೇಗೆ ಹೇಳೋದು, ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಯಾವ ದಾರಿ ಅಂತ ಎಲ್ಲರಿಗೂ ಗೊತ್ತಿರಲಿ.

ಸೀಟಿನ ಬೆನ್ನು ನೆಟ್ಟಗಿರಲಿ, ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ತುದಿ ಮುಟ್ಟಬೇಕು. ಹೆಬ್ಬೆರಳು ಸ್ಟೇರಿಂಗ್ ಒಳಗೆ ಸಿಕ್ಕಿಸಬೇಡಿ, ಪವರ್ ಸ್ಟೇರಿಂಗ್ ಇಲ್ಲದ ಹಳೆ ಕಾರಿನಲ್ಲಿ ಅದು ರಪ್ ಅಂತ ತಿರುಗಿ ಬೆರಳು ಮುರಿಯಬಹುದು.

ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ನಿಲ್ಲಿಸೋದು. ಕಾರು ಕೈಮೀರಿ ತಿರುಗಿತು ಅನ್ನಿಸಿದ ತಕ್ಷಣ ಎರಡೂ ಕಾಲು ಒತ್ತಿ, ಕ್ಲಚ್ ಮತ್ತು ಬ್ರೇಕು. ಸ್ಟೇರಿಂಗ್ ಜತೆ ಗುದ್ದಾಡಬೇಡಿ. ಇದನ್ನು ನೇರ ಹೋಗುವಾಗಲೇ ಕೂಗಿ ಕೂಗಿ ಅಭ್ಯಾಸ ಮಾಡಿ, ಪಕ್ಕದವನು "ನಿಲ್ಲು" ಅಂದ ಕೂಡಲೇ ಕಾಲು ತಾನಾಗೇ ಒತ್ತಬೇಕು.

ಆಮೇಲೆ ಗುಂಡಗೆ ಸುತ್ತೋದು. ನಡುವೆ ಒಂದು ಚೀಲ ಇಡಿ. ಫಸ್ಟ್ ಗೇರಿನಲ್ಲಿ ನಡಿಗೆಯ ವೇಗ, ಸ್ಟೇರಿಂಗ್ ಚೀಲದ ಕಡೆಗೆ ಪೂರ್ತಿ ತಿರುಗಿಸಿ. ಕ್ಲಚ್ ಒತ್ತಿ, ಆಕ್ಸಿಲರೇಟರ್ ಕೊಟ್ಟು ಇಂಜಿನ್ ಸದ್ದು ಏರಿದ ಮೇಲೆ ಕ್ಲಚ್ ಥಟ್ಟನೆ ಬಿಡಿ. ಹಿಂಭಾಗ ಹೊರಗೆ ಜಾರುತ್ತದೆ. ಈಗ ಎರಡು ಕೆಲಸ ಒಟ್ಟಿಗೆ: ಕಾಲು ಸ್ವಲ್ಪ ಸಡಿಲ ಮಾಡಿ, ಕೈ ಸಡಿಲ ಬಿಟ್ಟು ಸ್ಟೇರಿಂಗ್ ತಾನಾಗೇ ಎದುರು ದಿಕ್ಕಿಗೆ ಓಡೋಕೆ ಬಿಡಿ. ಮುಂದಿನ ಚಕ್ರಗಳಿಗೆ ಕಾರು ಹೋಗುತ್ತಿರೋ ದಿಕ್ಕಿಗೆ ತಿರುಗೋ ಗುಣ ಇರುತ್ತದೆ. ನಿಮ್ಮ ಕೆಲಸ ಅದನ್ನು ಸರಿಯಾದ ಹೊತ್ತಿಗೆ ಹಿಡಿಯೋದು. ನಿಯಮ ಒಂದೇ, ಹಿಂಭಾಗ ಎಡಕ್ಕೆ ಜಾರಿದರೆ ಸ್ಟೇರಿಂಗ್ ಎಡಕ್ಕೆ, ಬಲಕ್ಕೆ ಜಾರಿದರೆ ಬಲಕ್ಕೆ. ಚೀಲವನ್ನೇ ನೋಡುತ್ತಾ ಕೂತರೆ ಕಾರು ಚೀಲದ ಮೇಲೇ ಹೋಗುತ್ತದೆ, ಮುಂದೆ ಹೋಗಬೇಕಾದ ಕಡೆ ನೋಡಿ.

ಇಲ್ಲಿಂದ ಎಲ್ಲ ಬಲಗಾಲಿನ ಆಟ. ಕಾಲು ಜಾಸ್ತಿ ಒತ್ತಿದರೆ ಹಿಂಭಾಗ ಇನ್ನೂ ಹೊರಗೆ ಹೋಗಿ ಕಾರು ಬುಗುರಿ ಆಗುತ್ತದೆ, ಕಡಿಮೆ ಒತ್ತಿದರೆ ಟೈರು ಹಿಡಿದು ಸಾಮಾನ್ಯ ಕಾರಿನ ಹಾಗೆ ನೇರ ಆಗುತ್ತದೆ. ಎರಡರ ನಡುವಿನ ಜಾಗ ಬಹಳ ಕಿರಿದು, ಅದನ್ನು ಕಂಡುಹಿಡಿಯೋಕೇ ವಾರಗಳು ಹೋಗುತ್ತವೆ. ಹೆದರಿ ಕಾಲನ್ನು ಒಮ್ಮೆಗೇ ಪೂರ್ತಿ ತೆಗೆಯೋದು ಎಲ್ಲಕ್ಕಿಂತ ಅಪಾಯ. ಹಿಂದಿನ ಟೈರು ಥಟ್ಟನೆ ನೆಲ ಕಚ್ಚುತ್ತದೆ, ಆಗ ಮುಂದಿನ ಚಕ್ರ ಯಾವ ಕಡೆ ತಿರುಗಿದೆಯೋ ಆ ಕಡೆ ಕಾರು ಚಿಮ್ಮುತ್ತದೆ. ಗೋಡೆಗೆ ಬಡಿಯೋದು ಹೆಚ್ಚಾಗಿ ಈ ಗಳಿಗೆಯಲ್ಲೇ. ಕಾಲು ಮೆಲ್ಲಗೆ ತೆಗೆಯುತ್ತಾ ಸ್ಟೇರಿಂಗನ್ನೂ ಮೆಲ್ಲಗೆ ನೇರ ಮಾಡಿ.

ಬಲ ಸುತ್ತು ಬಂದ ಕೂಡಲೇ ಎಡ ಸುತ್ತಿಗೂ ಅಷ್ಟೇ ಹೊತ್ತು ಕೊಡಿ. ಎಲ್ಲರಿಗೂ ಒಂದು ಕಡೆ ಸುಲಭ ಇರುತ್ತದೆ, ಆ ಕಡೆಯನ್ನೇ ಸುತ್ತಿ ಖುಷಿ ಪಡುವವರೇ ಜಾಸ್ತಿ. ಹತ್ತು ನಿಮಿಷ ಓಡಿಸಿದರೆ ಹತ್ತು ನಿಮಿಷ ಬಾನೆಟ್ ತೆಗೆದು ಇಂಜಿನ್ ಐಡಲ್‌ನಲ್ಲಿ ಬಿಡಿ, ಟೆಂಪರೇಚರ್ ಮುಳ್ಳು ನೋಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ಚಿಕ್ಕ ಸುತ್ತು ಸಲೀಸಾದ ಮೇಲೆ ಸುತ್ತನ್ನು ದೊಡ್ಡದು ಮಾಡಿ, ಸೆಕೆಂಡ್ ಗೇರ್ ಹಾಕಿ, ಚೀಲದಿಂದ ಒಂದೇ ದೂರ ಕಾಪಾಡಿಕೊಂಡು ಸುತ್ತಿ. ನಂತರ ಎರಡು ಚೀಲ, ನಡುವೆ ಇಪ್ಪತ್ತು-ಇಪ್ಪತ್ತೈದು ಮೀಟರ್, ಎಂಟರ ಆಕಾರ. ಡ್ರಿಫ್ಟಿಂಗ್ ಅಂದರೆ ನಿಜವಾಗಿ ಇದೇ. ಒಂದು ಚೀಲದ ಸುತ್ತ ಬಲಕ್ಕೆ ತಿರುಗಿದ ಕಾರು ನಡುವೆ ಬಂದಾಗ ಕಾಲು ಒಂದಿಷ್ಟು ಸಡಿಲ ಮಾಡಿದರೆ ಕಾರಿನ ಭಾರ ಈ ಬದಿಯಿಂದ ಆ ಬದಿಗೆ ವಾಲುತ್ತದೆ, ಹಿಂಭಾಗ ಬೀಸಿಕೊಂಡು ಎದುರು ದಿಕ್ಕಿಗೆ ಬರುತ್ತದೆ, ಸ್ಟೇರಿಂಗ್ ಬೆರಳುಗಳ ನಡುವೆ ಓಡಿ ಇನ್ನೊಂದು ಕಡೆ ಮುಟ್ಟಿದಾಗ ಹಿಡಿದು ಮತ್ತೆ ಆಕ್ಸಿಲರೇಟರ್ ಕೊಡಬೇಕು. ಹೇಳೋಕೆ ಒಂದು ಸಾಲು. ಕೈಗೆ ಬರೋಕೆ ಒಂದು ಮಳೆಗಾಲ ಹೋದರೂ ಆಶ್ಚರ್ಯ ಇಲ್ಲ.

ಹ್ಯಾಂಡ್‌ಬ್ರೇಕ್ ಎಳೆದು ಡ್ರಿಫ್ಟಿಗೆ ಇಳಿಯೋದನ್ನು ಎಲ್ಲರೂ ಮೊದಲು ಮಾಡೋಕೆ ಹೋಗುತ್ತಾರೆ, ಅದನ್ನು ಎಂಟರ ಆಕಾರ ಬಂದ ಮೇಲೆ ಇಟ್ಟುಕೊಳ್ಳಿ. ಸೆಕೆಂಡ್ ಗೇರು, ಮೂವತ್ತರ ವೇಗ, ಸ್ಟೇರಿಂಗ್ ಒಳಕ್ಕೆ, ಕ್ಲಚ್ ಒತ್ತಿ, ಲಿವರ್‌ನ ಬಟನ್ ಒತ್ತಿ ಹಿಡಿದುಕೊಂಡೇ ಎಳೆದು ತಕ್ಷಣ ಬಿಡಿ. ಬಟನ್ ಒತ್ತದೆ ಎಳೆದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಿಂಭಾಗ ಹೊರಟ ಕೂಡಲೇ ಕ್ಲಚ್ ಬಿಟ್ಟು ಆಕ್ಸಿಲರೇಟರ್, ಉಳಿದದ್ದು ನಿಮಗೆ ಗೊತ್ತಿರೋದೇ. ಪದ್ಮಿನಿಯ ಹ್ಯಾಂಡ್‌ಬ್ರೇಕ್ ಎಳೆಯೋಕೆ ಕೈ ಸರಿಯಾಗಿ ಸಿಗುತ್ತದಾ ಅಂತ ನಿಂತಾಗಲೇ ನೋಡಿಕೊಳ್ಳಿ.

ದಿನ ಮುಗಿದ ಮೇಲೆ ವೀಲ್ ನಟ್ ಬಿಗಿ ಮಾಡಿ, ಕಮಾನಿನೊಳಗಿನ ಮಣ್ಣು ಕೆತ್ತಿ ತೆಗೆಯಿರಿ, ಬ್ರೇಕ್ ಪೈಪು, ಡಿಫ್ ಆಯಿಲ್ ಸೋರುತ್ತಿದೆಯಾ ನೋಡಿ, ಏರ್ ಫಿಲ್ಟರ್ ಝಾಡಿಸಿ. ಅದೇ ಕಾರಲ್ಲಿ ರಸ್ತೆ ಮೇಲೆ ಮನೆಗೆ ಹೋಗೋದಿದ್ದರೆ ಹಿಂದಿನ ಸವೆದ ಟೈರು ಬಿಚ್ಚಿ ಒಳ್ಳೇದು ಹಾಕಿಕೊಂಡೇ ಹೊರಡಿ. ಮತ್ತೆ ಮಾಲೀಕರ ಅಂಗಳದಲ್ಲಿ ಬಿದ್ದ ಗಾಲಿ ಗೆರೆಗಳನ್ನು ಮಟ್ಟ ಮಾಡಿ ಬನ್ನಿ, ಮುಂದಿನ ಸಲ ಗೇಟ್ ತೆಗೆಯುವವರು ಅವರೇ.

ಮುಂದೆ ಎಲ್ಲಿಗೆ

ನಿಲ್ಲದೆ ಹತ್ತು ಸಲ ಎಂಟರ ಆಕಾರ ಹಾಕೋಕೆ ಬಂದರೆ ಆಟೋಕ್ರಾಸ್ ಕಡೆ ನೋಡಿ. ಮಣ್ಣಿನ ಹಾದಿಯಲ್ಲಿ ಒಂದು ಸಲಕ್ಕೆ ಒಂದೇ ಕಾರು, ಗಡಿಯಾರದ ವಿರುದ್ಧ ಓಟ. ಡ್ರಿಫ್ಟ್ ಅಲ್ಲ, ಆದರೆ ಜಾರೋ ಕಾರನ್ನು ಹಿಡಿಯೋ ಕಲೆ ಅಲ್ಲಿ ಸೀದಾ ಕೆಲಸಕ್ಕೆ ಬರುತ್ತದೆ, ಮುಂಚಕ್ರದ ಕಾರಿನವರೂ ಹೋಗಬಹುದು. ನಮ್ಮ ದೇಶದಲ್ಲಿ ಮೋಟಾರ್ ಸ್ಪೋರ್ಟ್ಸ್ ನೋಡಿಕೊಳ್ಳೋ ಒಕ್ಕೂಟ ಎಫ್‌ಎಂಎಸ್‌ಸಿಐ, ಅದರಲ್ಲಿ ಸೇರಿರೋ ಕ್ಲಬ್‌ಗಳು ಇಂಥ ಸ್ಪರ್ಧೆ ನಡೆಸುತ್ತವೆ. ಸ್ಪರ್ಧಿಗೆ ಒಕ್ಕೂಟದ ಲೈಸೆನ್ಸ್ ಬೇಕು, ಕಾರು ತಪಾಸಣೆ ಪಾಸಾಗಬೇಕು, ಹಾಗಾಗಿ ಹೆಸರು ಕೊಡೋ ಮೊದಲೇ ಆ ವರ್ಷದ ನಿಯಮ ತರಿಸಿ ಓದಿ. ದೊಡ್ಡ ಟಾರ್ ಟ್ರ್ಯಾಕ್‌ಗಳು ಚೆನ್ನೈ ಹತ್ತಿರದ ಇರುಂಗಾಟ್ಟುಕೊಟ್ಟೈ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿವೆ. ಅಲ್ಲಿಗೆ ಹೋಗೋ ಯೋಚನೆ ಬಂದಾಗ ಡಿಫ್ ವೆಲ್ಡಿಂಗ್, ಬಕೆಟ್ ಸೀಟು, ರೋಲ್ ಕೇಜ್ ಮಾತಾಡೋಣ, ಅದೇ ಕ್ರಮದಲ್ಲಿ ಅಲ್ಲ: ಕೇಜ್ ಮೊದಲು, ಸೀಟ್ ಆಮೇಲೆ, ವೆಲ್ಡಿಂಗ್ ಕೊನೆಗೆ.